ಎಡಗೈ ಎತ್ತಿದವರು

ಶಾಲೆಯ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದರೆ ಗೋಡೆಗೆ ಸುಣ್ಣ, ಮಕ್ಕಳ ತಲೆಗೆ ಎಣ್ಣೆ... ಇಷ್ಟೇ ಅಂದುಕೊಂಡಿದ್ದೀರಾ?

ಇನ್ನೊಂದು ಗುಟ್ಟಿನ ತಯಾರಿ ಇರುತ್ತದೆ. ಕೇಳಿದರೆ ನಗು ಬರುತ್ತದೆ... ನಕ್ಕುಬಿಡಿ, ಆಮೇಲೆ ಮುಂದೆ ಓದಿ.

ಕೊಪ್ಪಳದ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ನೀಲಾಂಬಿಕಾ ಎಂಬ ಅತಿಥಿ ಶಿಕ್ಷಕಿ ಅಲ್ಲಿ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದರು.

ಅತಿಥಿ ಎಂದರೆ ಗೊತ್ತಲ್ಲ... ಈ ವರ್ಷ ಇದ್ದ ಕೆಲಸ ಮುಂದಿನ ವರ್ಷ ಇರುತ್ತದೆಂಬ ಖಾತ್ರಿ ಇಲ್ಲ. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆಯುತ್ತಿದ್ದುದು ಅದೊಂದೇ ಕೆಲಸದಿಂದ.

ಸಾಹೇಬರು ಬರುವ ಹಿಂದಿನ ದಿನ ಹೆಡ್ ಮಾಸ್ತರರು ಕರೆದರು.

"ಮೇಡಂ, ಅವ್ರು ನಿಮ್ಮ ಕ್ಲಾಸಿಗೇ ಬರಾಕತ್ತಾರ್ರಿ. ಗ್ರಾಮರ್ ಕೇಳ್ತಾರಂತ. ಹುಡುಗ್ರು ಬಾಯಿ ಬಿಡಲಿಲ್ಲಂದ್ರ ಮುಂದಿನ ವರ್ಷ ನಿಮ್ಮನ್ನ ಉಳಿಸ್ಕೊಳ್ಳೋದು ಕಷ್ಟ ಐತಿ ನೋಡ್ರಿ."

ಉಪಾಯವನ್ನೂ ಅವರೇ ಹೇಳಿಕೊಟ್ಟರು.

ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು. ಗೊತ್ತಿಲ್ಲದವರು ಎಡಗೈ. ನೋಡುವವರ ಕಣ್ಣಿಗೆ ಎಲ್ಲ ಕೈಗಳೂ ಮೇಲೆ! ಟೀಚರ್ ಮಾತ್ರ ಬಲಗೈಯವರನ್ನಷ್ಟೇ ಎಬ್ಬಿಸಬೇಕು.

ಮೇಡಂ ಮನಸ್ಸು ಒಪ್ಪಲಿಲ್ಲ... ಹೊಟ್ಟೆ ಒಪ್ಪಿತು.

ಮರುದಿನ ಸಾಹೇಬರು ಬಂದರು. ನರೆತ ಕೂದಲು, ಹೆಚ್ಚು ಮಾತಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು.

"ನೌನ್ ಅಂದ್ರೇನು?" ಮೇಡಂ ಕೇಳಿದರು.

ತರಗತಿಯ ಕೈಗಳೆಲ್ಲ ಎದ್ದವು. ಬಲಗೈ ಎತ್ತಿದ ಹುಡುಗ ಪಟಪಟನೆ ಹೇಳಿದ. ಇನ್ನೊಂದು ಪ್ರಶ್ನೆ... ಇನ್ನೊಂದು ಬಲಗೈ... ಸರಿಯಾದ ಉತ್ತರ. ಹೆಡ್ ಮಾಸ್ತರರ ಮುಖ ಅರಳಿತು.

"ವರ್ಬ್ ಅಂದ್ರೇನು?"

ಮತ್ತೆ ಎಲ್ಲ ಕೈಗಳೂ ಮೇಲೆ. ಆಗ ಸಾಹೇಬರು ಎದ್ದು ನಿಂತರು.

"ಬಲಗೈ ಎತ್ತಿದವ್ರೆಲ್ಲ ಕೈ ಇಳಸ್ರಿ."

ಮೇಡಂ ಹೆಡ್ ಮಾಸ್ತರರ ಕಡೆ ನೋಡಿದರು... ಇವರಿಗೆ ಗೊತ್ತಾಗಿಬಿಟ್ಟಿದೆ!

ಬಲಗೈಗಳು ಇಳಿದವು. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೇ ಉಳಿದವು. ಎಲ್ಲವೂ ಎಡಗೈಗಳೇ. ಹೆದರಿದ ಮಕ್ಕಳು ಒಬ್ಬೊಬ್ಬರಾಗಿ ಅವನ್ನೂ ಇಳಿಸಿದರು.

ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಇಳಿಸಲಿಲ್ಲ. ಮೇಡಂ ಹೇಳಿದಂತೆ ಮಾಡಬೇಕೆಂದಷ್ಟೇ ಅವಳಿಗೆ ಗೊತ್ತು.

"ಏನವ್ವಾ ನಿನ್ನ ಹೆಸರು?"

"ಹುಲಿಗೆಮ್ಮ್ರಿ."

"ವರ್ಬ್ ಅಂದ್ರೇನು, ಹೇಳು."

ಹುಡುಗಿ ಮೇಡಂ ಕಡೆ ನೋಡಿದಳು. "ಮೇಡಂ ಚಲೋ ಹೇಳಿಕೊಟ್ಟಾರ್ರಿ ಸರ್... ನನ್ನ ತಲೀಗೇ ಹತ್ತಿಲ್ರಿ."

"ಮತ್ತ ಕೈ ಯಾಕ ಎತ್ತಿದಿ?"

ನಿಜ ಹೇಳಿದರೆ ಮೇಡಂ ಕೆಲಸ ಹೋಗುತ್ತದೆ. ಅಷ್ಟು ಚಿಕ್ಕ ಹುಡುಗಿಗೂ ಅದು ಅರ್ಥವಾಗಿತ್ತು.

"ಸುಮ್ನ ಎತ್ತಿದ್ನಿರಿ ಸರ್... ನಂದ ತಪ್ಪು," ಎಂದಳು.

ಹೆಡ್ ಮಾಸ್ತರರು ಕಣ್ಣಲ್ಲೇ ಸನ್ನೆ ಮಾಡಿದರು... ಸುಮ್ಮನಿರಿ ಮೇಡಂ, ಸುಮ್ಮನಿರಿ!

ಸುಮ್ಮನಿದ್ದಿದ್ದರೆ ಕೆಲಸ ಉಳಿಯುತ್ತಿತ್ತೇನೋ. ಆದರೆ ತನಗಾಗಿ ಒಂದು ಮಗು ಎಲ್ಲರೆದುರು ತಪ್ಪು ಹೊತ್ತು ನಿಂತಿದೆ... ಅದನ್ನು ನೋಡಿಕೊಂಡು ನಿಲ್ಲಲು ನೀಲಾಂಬಿಕಾ ಅವರಿಂದ ಆಗಲಿಲ್ಲ.

"ಅಕೀದ ತಪ್ಪಿಲ್ರಿ ಸರ್. ಗೊತ್ತಿಲ್ಲದವ್ರು ಎಡಗೈ ಎತ್ತಬೇಕಂತ ನಾನ ಹೇಳಿದ್ದೆ."

ಹೇಳಿ ತಲೆ ತಗ್ಗಿಸಿದರು. ಇನ್ನು ಮುಗಿಯಿತು ಅಂದುಕೊಂಡರು.

ಸಾಹೇಬರು ಹುಲಿಗೆಮ್ಮನಿಗೆ ಕೂರಲು ಸನ್ನೆ ಮಾಡಿದರು. ಆಮೇಲೆ ಮೆಲ್ಲಗೆ ಹೇಳಿದರು...

"ನಮ್ಮ ಸಾಲ್ಯಾಗೂ ಹಿಂಗ ಇತ್ರಿ ಮೇಡಂ. ನಾನು, ನನ್ನ ಗೆಳೆಯ ಈರಣ್ಣ, ಇಬ್ರೂ ಎಡಗೈ. ಹೈಸ್ಕೂಲ್ ಮುಗಿಯೋ ತನಕ ಎತ್ತಿ ಕುಂತ್ವಿ. ನಮ್ಮನ್ನ ಒಬ್ರೂ ಕೇಳ್ಲಿಲ್ಲ... ಕೇಳಬಾರದಂತನ ಎತ್ತಿಸಿದ್ರಲ್ಲ!"

"ಇಂಗ್ಲಿಷಿನಾಗ ಇಬ್ರೂ ಫೇಲಾದ್ವಿ. ನನಗ ನಮ್ಮ ಅಕ್ಕ ಕುಂದ್ರಿಸ್ಕೊಂಡು ಕಲಿಸಿದ್ಲು. ಈರಣ್ಣಗ ಕಲಿಸೋರು ಯಾರೂ ಸಿಗಲಿಲ್ಲ... ಅಂವಾ ಓದೋದನ್ನ ಬಿಟ್ಟ. ನನಗಿಂತ ಶಾಣ್ಯಾ ಇದ್ದ, ಮೇಡಂ."

ಸಾಹೇಬರು ಮೇಜಿನತ್ತ ನಡೆದರು. ಚಾಕ್ ತೆಗೆದು ಮೇಡಂ ಕೈಗೆ ಕೊಟ್ಟರು.

"ಈಗ ಪಾಠ ಮಾಡ್ರಿ. ಎಡಗೈಯವ್ರಿಗೆ."

ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು.

ಮೇಡಂ ಬೋರ್ಡಿನ ಮುಂದೆ ಬಂದು ನಿಂತರು. ಪುಸ್ತಕ ತೆಗೆಯಲಿಲ್ಲ.

"ಹುಲಿಗೆಮ್ಮಾ, ಇಲ್ಲಿ ಬಾ. ಜಿಗಿ ನೋಡೂಣು!"

ಹುಡುಗಿ ಹಿಂಜರಿಯುತ್ತಲೇ ಜಿಗಿದಳು.

"ಈಗೇನ ಮಾಡಿದಿ?"

"ಜಿಗಿದ್ನಿರಿ."

"ಜಂಪ್. ನಾವು ಮಾಡೋ ಕೆಲಸ ಹೇಳೋ ಮಾತು ಐತಲ್ಲ, ಅದ ವರ್ಬ್. ಅಷ್ಟ ನೋಡವ್ವಾ."

ಹುಡುಗಿಯ ಕಣ್ಣು ದೊಡ್ಡದಾಯಿತು... ಇಷ್ಟೇನಾ!

"ಹಂಗಾದ್ರ ಓಡೋದು?" "ರನ್!" "ತಿನ್ನೋದು?" "ಈಟ್!" ಹಿಂದಿನ ಬೆಂಚುಗಳಿಂದ ಒಂದೊಂದೇ ದನಿ ಎದ್ದಿತು.

"ಹೆಡ್ ಸರ್ ಊಟ ಆದ್ಮ್ಯಾಲ ಮಾಡ್ತಾರಲ್ರಿ, ಅದು?" ಎಂದು ಯಾರೋ ಕೂಗಿದರು. "ಸ್ಲೀಪ್!" ಇಡೀ ತರಗತಿ ನಕ್ಕಿತು. ಹೆಡ್ ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು.

ಗಂಟೆ ಹೊಡೆಯಿತು. ಸಾಹೇಬರು ಎದ್ದು ಹೆಡ್ ಮಾಸ್ತರರಿಗೆ ಎಲ್ಲರೂ ಕೇಳುವಂತೆ ಹೇಳಿದರು.

"ಕೈ ಆಟ ಆಡಿಸಿದ್ದು ತಪ್ಪು. ಅದನ್ನ ನಾನು ರಿಪೋರ್ಟಿನಾಗ ಬರೀತೀನಿ. ಈ ಮೇಡಂ ಮುಂದಿನ ವರ್ಷಾನೂ ಇಲ್ಲೇ ಇರಬೇಕು ಅಂತಾನೂ ಬರೀತೀನಿ."

ಮೇಡಂ ಬೋರ್ಡಿನ ಕಡೆ ತಿರುಗಿಕೊಂಡರು. ತಿರುಗಿದರೂ ಮಕ್ಕಳಿಂದ ಏನೂ ಮುಚ್ಚಿಡಲಾಗುವುದಿಲ್ಲ.

"ಮೇಡಂ..." ಹುಲಿಗೆಮ್ಮ ಮೆಲ್ಲಗೆ ಕೇಳಿದಳು. "ಅಳೋದೂ ವರ್ಬ್ ಏನ್ರಿ?"

ಅವಳು ಆ ತರಗತಿಯಲ್ಲಿ ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು.

"ಹೂನವ್ವಾ," ಎಂದು ಮೇಡಂ ಅವಳನ್ನು ಹತ್ತಿರ ಎಳೆದುಕೊಂಡರು. "ಅದೂ ವರ್ಬ್."

ಗೊತ್ತಿಲ್ಲ ಎನ್ನುವ ಮಗುವನ್ನು ಮರೆಮಾಡಬೇಡಿ... ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ ಎಡಗೈ ಎತ್ತಿ ಸುಮ್ಮನೆ ಕುಳಿತವರು ಯಾರಾದರೂ ಇದ್ದಾರಾ... ಅವರನ್ನು ನೀವು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?