ಫಕೀರವ್ವನ ಖಾತೆ

“ಈ ಫಕೀರವ್ವ ಅಂದ್ರ ಯಾರು?”

ಹೋದ ವಾರದಿಂದ ಇದೇ ಪ್ರಶ್ನೆ. ಶಿದ್ರಾಮ ಸಾವಕಾರರ ಬೆರಳು ಕಂಪ್ಯೂಟರ್ ಪರದೆಯ ಮೇಲಿತ್ತು. ಗೋಕಾಕದ ಆ ಬೆಲ್ಲದ ಅಡತಿ ಅಂಗಡಿಯಲ್ಲಿ ಎಲ್ಲರೂ ಅದರ ಸುತ್ತ ನೆರೆದಿದ್ದರು.

“ನಮ್ಮ ಮಂದ್ಯಾಗ ಇಂಥಾ ಹೆಸರ ಇಡೂದಿಲ್ಲ. ಕಸಾ ಹೊಡ್ಯಾಕಿ ಹೆಸರೂ ಇದಲ್ಲ. ನನ್ನ ಕಂಪ್ಯೂಟರದಾಗ ಇಕಿ ಹೆಂಗ ಹೊಕ್ಕಳು?”

“ಹಿತ್ತಲ ಬಾಗಲದಿಂದ ಬಂದಿರಬೇಕ್ರಿ,” ಎಂದು ಲೆಕ್ಕ ಬರೆಯುವ ದಿವಾಣಜಿ ಹನಮಂತ ನಕ್ಕ.

ಟೈಪು ಮಾಡುವ ಭಾಗ್ಯಾಳೂ ನಗಬೇಕಾಯಿತು. ಎಲ್ಲರೂ ನಗುವಾಗ ನಗದವರ ಮೇಲೆ ಸಾವಕಾರರ ಕಣ್ಣು ಬೀಳುತ್ತದೆ.

ಆ ಕಣ್ಣು ಆಗಲೇ ಬಿದ್ದಿತ್ತು. ಅಂಗಡಿಯ ದರ ಪೇಟೆಗೆ ಬರುವ ಮೊದಲೇ ಮೂಡಲಗಿಯ ಎದುರಾಳಿ ವ್ಯಾಪಾರಿಗೆ ಗೊತ್ತಾಗುತ್ತಿತ್ತು. ಸೋಮವಾರಕ್ಕೊಮ್ಮೆ ಭಾಗ್ಯಾಳ ಯಂತ್ರದಿಂದಲೇ ಯಾರೋ ಫಕೀರವ್ವನ ಹೆಸರಿನಲ್ಲಿ ಒಳಗಿನ ಕೋಣೆಯ ದೊಡ್ಡ ಯಂತ್ರದೊಳಗೆ ನುಗ್ಗುತ್ತಿದ್ದರು. ಅದನ್ನು ಪತ್ತೆ ಮಾಡಿದವನು ಹನಮಂತ.

ಕೆಲಸ ಕೇಳಲು ಬಂದ ದಿನ ಸಾವಕಾರರು ಭಾಗ್ಯಾಳ ಟೈಪಿಂಗ್ ನೋಡಿರಲಿಲ್ಲ. ಯಾವೂರು, ಯಾರ ಪೈಕಿ ಎಂದು ಕೇಳಿದ್ದರು. “ಕಲ್ಲೋಳಿರಿ. ನಿಮ್ಮ ಪೈಕೀನ್ರಿ,” ಎಂದಿದ್ದಳು. ಅಷ್ಟಕ್ಕೇ ಕೆಲಸ ಸಿಕ್ಕಿತು. ಸಾವಕಾರರ ಅಕ್ಕನ ಮನೆಯ ಮಾಳಿಗೆಯಲ್ಲಿ ಬಾಡಿಗೆ ಕೋಣೆ, ಅವರ ಅಡುಗೆಮನೆಯವರೆಗೆ ಸಲಿಗೆ. ಈ ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆಮೇಲೆ ಊರೆಲ್ಲ ಅವಳ ಬೆನ್ನು ಹತ್ತಿ, ಯಾಕೆ ಹೋಯಿತು ಎಂದು ಕೇಳುತ್ತದೆ.

ಅಷ್ಟರಲ್ಲಿ ಗುರುರಾಜ ಒಳಗಿನ ಕೋಣೆಯಿಂದ ಹೊರಬಂದ. ಹುಕ್ಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಈ ಯಂತ್ರಗಳನ್ನು ನೋಡಿಕೊಳ್ಳಲು ಸೋಮವಾರ ಬರುತ್ತಾನೆ. ಹಣೆಗೆ ಎಂದಿನಂತೆ ದಪ್ಪ ವಿಭೂತಿ. ಉಗುರುಗಳಲ್ಲಿ ಕರಿ ಮಣ್ಣು.

“ಏನ್ರಿ ಗುರುರಾಜ, ಹೊಲಾ ಮಾಡಾಕ ಚಾಲೂ ಮಾಡಿರೇನು?”

“ಗಾಡಿ ಜಾರಿತ್ರಿ.”

“ಇರ್ಲಿ. ಮೊದಲ ಇಕಿ ಹೆಂಗ ಹೊಕ್ಕಳು ಹೇಳ್ರಿ.”

“ಒಳಗಿಂದು ಲಿನಕ್ಸ್, ಹೊರಗಿನವು ವಿಂಡೋಸ್. ಎರಡೂ ಬ್ಯಾರೆ ಬ್ಯಾರೆ ಜಾತಿರಿ. ಅಲ್ಲಿ ಇದ್ದ ಹೆಸರ ಇಲ್ಲೂ ಇರಬೇಕು, ಪಾಸ್‌ವರ್ಡೂ ಅದ ಇರಬೇಕು. ಅಂದ್ರ ಮಾತ್ರ ಕಡತ ಹಂಚ್ಕೋತಾವ. ಒಂದ ಅಕ್ಷರ ಕೂಡಲಿಲ್ಲಂದ್ರ ಹೊಸ್ತಿಲಾ ದಾಟಾಕ ಬಿಡೂದಿಲ್ಲ.”

“ಚಲೋ ಪದ್ಧತಿ ಬಿಡ್ರಿ,” ಎಂದರು ಸಾವಕಾರರು. ಅವರ ತಲೆಯ ಮೇಲೆ ಬಸವಣ್ಣನವರ ಪಟಕ್ಕೆ ಹೊಸ ಹಾರ ಬಿದ್ದಿತ್ತು.

ಭಾಗ್ಯಾ ಎದ್ದು ಜಾಗ ಬಿಟ್ಟಳು. ಇಬ್ಬರೂ ಕೆಲಸದ್ದಲ್ಲದೆ ಬೇರೆ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಾಡಿಗೆ ಕೋಣೆಯ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಗಂಡಸಿನೊಡನೆ ನಿಂತರೂ ಸುದ್ದಿ ಮೊದಲು ಮುಟ್ಟುವುದು ಸಾವಕಾರರ ಅಕ್ಕನಿಗೆ. ಗುರುರಾಜ ಕುಳಿತ. ಮೌಸು ಎಡಗಡೆಗಿತ್ತು. ಅವನು ಅದನ್ನು ಸರಿಸಲಿಲ್ಲ.

ಫಕೀರವ್ವನ ಖಾತೆ ತೆರೆಯಿತು. ಒಂದಕ್ಷರವೂ ಇಲ್ಲದ ಖಾಲಿ ಕಡತಗಳು, ಸೋಮವಾರಕ್ಕೊಂದು. ಇವತ್ತಿನದು ಇರಲಿಲ್ಲ.

ಭಾಗ್ಯಾ ಕುರ್ಚಿಯ ಬೆನ್ನು ಹಿಡಿದಳು.

“ದರ ಎಲ್ಲದಾವ ಇದರಾಗ?” ಸಾವಕಾರರು ಬಗ್ಗಿದರು.

“ಏನೂ ಇಲ್ರಿ. ಈ ಖಾತೆ ನಾನ ಮಾಡಿದ್ದು. ಎರಡೂ ಕಡೆ ಕೂಡ್ಯಾವೊ ಇಲ್ಲೊ ನೋಡಾಕ. ನಾ ಒಳಗ ಒಂದ ಖಾಲಿ ಕಡತ ಇಡ್ತಿದ್ದೆ, ಮೇಡಂ ಇಲ್ಲಿ ತಗದ ನೋಡ್ತಿದ್ರು. ಕಂಡ್ರ, ಎಲ್ಲಾ ಚಲೋ ಐತಿ ಅಂತ.”

“ಹ್ವಾದ ವಾರ ಅಳಸ್ರಿ ಅಂದ್ರ ಇರ್ಲಿ ಬಿಡ್ರಿ ಅಂದಿದ್ರಿ?”

“ಅವಾಗ ಬೇಕಾಗಿತ್ರಿ.”

“ಈಗ?”

“ಇನ್ನ ಬೇಕಾಗಿಲ್ರಿ.”

ಸಾವಕಾರರು ಹಗುರಾದರು. “ಸುಮ್ಮನ ಈ ತಂಗಿ ಮ್ಯಾಲ ಸಂಶೇ ಪಟ್ವಿ. ಮನಸಿಗಿ ಹಚ್ಗೋಬ್ಯಾಡ ತಂಗಿ. ಹಂಗಾರ ದರ ಹೊರಗ ಹಾಕಾವ ಬ್ಯಾರೆ ಯಾರೋ ಅದಾನ.” ಹನಮಂತನ ನಗು ನಿಂತಿತು.

ಗುರುರಾಜ ಕೀಲಿಮಣೆಯಿಂದ ಕಣ್ಣೆತ್ತಲಿಲ್ಲ. “ಒಳಗಿಂದು ನಾ ಈಗ ಇಲ್ಲಿಂದನ ಅಳಿಸೇನ್ರಿ. ಇಲ್ಲಿ ಮೇಡಂ ಅಳಸಬೇಕು. ಯಂತ್ರ ಅವ್ರದು.”

ಅವನು ಎದ್ದ. ಅವಳು ಕುಳಿತಳು. ಈ ಹೆಸರನ್ನು ತೆಗೆದುಹಾಕಲೇ ಎಂದು ಪರದೆ ಕೇಳುತ್ತಿತ್ತು.

“ಯಾವಾಗ ಬಂದ್ ಆತ್ರಿ?” ಅವಳು ತಿರುಗಿ ನೋಡಲಿಲ್ಲ.

“ನಿನ್ನಿ ಮುಂಜಾನಿರಿ.”

“ಭಾಳ ತ್ರಾಸ ಆತೇನ್ರಿ?”

“ಇಲ್ರಿ. ಒಮ್ಮೆಲೆ.”

“ನನ್ನ ಕರೀಬೇಕಾಗಿತ್ರಿ.”

“ಯಾರಂತ ಹೇಳಿ ಕರೀಲ್ರಿ?”

“ಅಂಗಡ್ಯಾಗ ಫೋನ್ ಇಲ್ಲೇನ್ರಿ?” ಎಂದ ಹನಮಂತ. “ಒಂದ ಖಾಲಿ ಖಾತೇಕ ಇಷ್ಟ ಮಾತ ಯಾಕ?”

ಅವಳ ಎಡಗೈ ಬೆರಳು ಒತ್ತಿತು. ಹೆಸರು ಹೋಯಿತು.

“ಹ್ವಾತ ಪೀಡಾ!” ಸಾವಕಾರರು ಕೈ ಜಾಡಿಸಿದರು. “ತಂಗಿ, ಎಲ್ಲಾರಿಗೂ ಚಾ ಮಾಡ. ಗುರುರಾಜ, ಕುಡದ ಹೋಗ್ರಿ.”

“ಇವತ್ತ ಒಲ್ಲೆರಿ.”

ಭಾಗ್ಯಾ ಸ್ಟೋವ್ ಹಚ್ಚಿದಳು. ಗೋಡೆಯ ಕಡೆಗೇ ಮುಖ ಮಾಡಿ ನಿಂತಳು. ಸೀಮೆಎಣ್ಣೆ ಹೊಗೆಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಕೇಳುವುದಿಲ್ಲ.

ಹೊರಗೆ ಗಾಡಿ ಒದೆಯುತ್ತಿದ್ದ ಈ ಗುರುರಾಜನಿಗೆ ಯಲ್ಲಪ್ಪ ಎಂದೂ, ಒಳಗೆ ಚಾ ಸೋಸುತ್ತಿದ್ದ ಈ ಭಾಗ್ಯಾಳಿಗೆ ಭರಮವ್ವ ಎಂದೂ ಹೆಸರಿಟ್ಟು, ಒಂದೇ ತೊಟ್ಟಿಲಲ್ಲಿ ತೂಗಿದ್ದ ಮೂಡಲಗಿಯ ಊರಾಚೆ ಕೇರಿಯ ಫಕೀರವ್ವನಿಗೆ ನಿನ್ನೆ ಮಗನೊಬ್ಬನೇ ಮಣ್ಣು ಕೊಟ್ಟು ಬಂದಿದ್ದ.