ಹಿಂದಕ್ಕೆ ಸರಿಯುವ ಉಬ್ಬು

"ಈ ಉಬ್ಬು ವರ್ಷಾ ವರ್ಷಾ ಹಿಂದಕ್ಕೆ ಸರೀತಿದೆಯಲ್ಲ ಮಗಳೇ," ಎಂದು ತಿಜಾನಿ ಕಂಪ್ಯೂಟರ್ ಪರದೆಯಲ್ಲಿದ್ದ ಬೆಲೆಗಳ ಗೆರೆಯ ಮೇಲೆ ಬೆರಳಿಟ್ಟರು. ಟ್ಯೂನಿಸ್‌ನ ಸಂತೆಗಳಲ್ಲಿ ಮೂವತ್ತು ವರ್ಷದಿಂದ ದರ ಬರೆದುಕೊಳ್ಳುತ್ತಿದ್ದ ಅವರು ಈ ತಿಂಗಳ ಪಟ್ಟಿ ಕೊಡಲು ಸೆಂಟ್ರಲ್ ಬ್ಯಾಂಕಿಗೆ ಬಂದಿದ್ದರು. ಆರು ಅರಬ್ ದೇಶಗಳ ಬೆಲೆಯೇರಿಕೆಯ ಹಿಂದೆ ಒಂದೇ ಅಲೆಯಿದೆ, ಅದನ್ನು ತರುವುದು ಆಮದಿನ ಗೋಧಿ ಎಂದು ಅಲ್ಲಿನ ಯುವ ಅರ್ಥಶಾಸ್ತ್ರಜ್ಞೆ ಇಬ್ತಿಹಾಲ್ ವರದಿ ಮುಗಿಸಿದ್ದಳು. ಅವಳ ಈ ಮೊದಲ ವರದಿ ಮಧ್ಯಾಹ್ನ ಆಡಳಿತ ಮಂಡಳಿಯ ಮುಂದೆ ಹೋಗಬೇಕಿತ್ತು.

"ಗೋಧಿ ಹಡಗು ಒಂದ್ಸಲ ಹಾಗೆ, ಒಂದ್ಸಲ ಹೀಗೆ ಬರುತ್ತೆ ಮಾಮ."

"ವರ್ಷಾ ವರ್ಷಾ ತಪ್ಪದೆ ಇನ್ನಷ್ಟು ಮುಂಚೆ ಬರೋ ಹಡಗನ್ನ ನಾನಂತೂ ನೋಡಿಲ್ಲ. ಯಾವ್ಯಾವ ತಿಂಗಳು, ಓದು ನೋಡೋಣ."

ಅವಳು ಓದಿದಳು: 2010ರಲ್ಲಿ ಆಗಸ್ಟ್, 2013ರಲ್ಲಿ ಜುಲೈ, 2016ರಲ್ಲಿ ಜೂನ್. 2019ರ ಮೇ ಎನ್ನುವಷ್ಟರಲ್ಲಿ ಅವಳಿಗೇ ಹೊಳೆಯಿತು. ರಂಜಾನ್. ಆರೂ ದೇಶಗಳಲ್ಲಿ ಮೊಟ್ಟೆ, ಮಾಂಸ, ಖರ್ಜೂರ ಒಟ್ಟಿಗೆ ತುಟ್ಟಿಯಾಗುವ ಆ ತಿಂಗಳು ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಹನ್ನೊಂದು ದಿನ ಮುಂಚೆ ಬರುತ್ತದೆ. ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ಮಾತ್ರ ಗೊತ್ತಿದ್ದ ಅವಳ ಕಂಪ್ಯೂಟರ್ ಲೆಕ್ಕದ ಮಾದರಿ ಅದನ್ನೇ ಗೋಧಿಯ ಅಲೆ ಎಂದುಕೊಂಡಿತ್ತು.

"ಚಿಕ್ಕಂದಿನಿಂದ ಉಪವಾಸ ಮಾಡ್ತಿದ್ದೀಯ, ಕಂಪ್ಯೂಟರಿಗೆ ಹೇಳೋದು ಮರೆತುಬಿಟ್ಟೆಯಾ?" ಎಂದು ತಿಜಾನಿ ನಕ್ಕರು. ಇಬ್ತಿಹಾಲ್ ಎದ್ದು, ಅಪ್ಪನಿಗೆ ಕೊಡುವಂತೆ, ಅವರ ತಲೆಗೆ ಮುತ್ತು ಕೊಟ್ಟಳು. ಆಮೇಲೆ ಮಂಡಳಿಯ ಕಾರ್ಯದರ್ಶಿಗೆ ಫೋನ್ ಮಾಡಿದಳು. "ವರದಿ ಇವತ್ತು ಬರಲ್ಲ ಸಾರ್. ಬಂದಾಗ ಅದರ ಮೇಲೆ ಎರಡು ಹೆಸರಿರುತ್ತೆ. ಮೊದಲನೆಯದು ಬರ್ಕೊಳ್ಳಿ: ತಿಜಾನಿ."