ಎರಡು ಡಬ್ಬಿ ಆಯಿಲ್

ಒಂದು ಕೈಯಲ್ಲಿ ಸಿಂಥೆಟಿಕ್ ಎಂಜಿನ್ ಆಯಿಲ್, ಇನ್ನೊಂದರಲ್ಲಿ ಮಾಮೂಲಿ ಆಯಿಲ್ ಹಿಡಿದು ಸಿಗ್ನೆ, ಆಲ್ತಾ ಎಂಬ ಊರಿನ ಕಾರಿನ ಬಿಡಿಭಾಗದ ಅಂಗಡಿಯಲ್ಲಿ ದಿಕ್ಕು ತೋಚದೆ ನಿಂತಿದ್ದಳು. ಅವಳ ಟರ್ಬೊ ಕಾರಿಗೆ ಸಿಂಥೆಟಿಕ್ಕೇ ಆಗಬೇಕು ಎಂದು ಅಂಗಡಿಯವಳು ಹೇಳುತ್ತಿದ್ದಳು. ಅದು ಬರೀ ಮೋಸ ಎಂದು, ನಲವತ್ತು ವರ್ಷ ಗ್ಯಾರೇಜು ನಡೆಸಿದ ಅಪ್ಪ ಹಾಲ್ವೋರ್ ಮೊದಲಿನಿಂದಲೂ ಹೇಳುತ್ತ ಬಂದಿದ್ದ. ಆರು ವರ್ಷದ ಹಿಂದೆ, ಸಿಂಥೆಟಿಕ್ಕೇ ಸರಿ ಎಂದು ವಾದಕ್ಕೆ ನಿಂತ ಅವಳ ತಮ್ಮ ಐನಾರ್‌ನನ್ನು ಗ್ಯಾರೇಜಿನಿಂದ ಹೊರಗೆ ಹಾಕಿದ್ದ. ಅಂದಿನಿಂದ ಅಪ್ಪ ಮಗನಿಗೆ ಮಾತಿರಲಿಲ್ಲ. ಕೊನೆಗೆ ಸಿಗ್ನೆ ಒಂದು ಡಬ್ಬಿ ಕೆಳಗಿಟ್ಟು ಅಪ್ಪನಿಗೇ ಫೋನ್ ಮಾಡಿದಳು.

"ಟರ್ಬೊನಾ? ಸಿಂಥೆಟಿಕ್ ಹಾಕು," ಎಂದ ಹಾಲ್ವೋರ್. "ಟರ್ಬೊ ಕಾವಿಗೆ ಮಾಮೂಲಿದು ಸುಟ್ಟು ಕರಿ ಕಟ್ಟುತ್ತೆ. ಈ ಚಳೀಲಂತೂ ಗಂಜಿ ಹಾಗೆ ಗಟ್ಟಿಯಾಗುತ್ತೆ."

"ಏನಪ್ಪಾ ನೀನು! ಮೋಸ ಅಂತಿದ್ದೆಯಲ್ಲ?"

"ಅಂತಿದ್ದೆ. ಮೂರು ವರ್ಷದಿಂದ ನನ್ನ ಗಾಡಿಗೂ ಅದನ್ನೇ ಹಾಕ್ತಿದೀನಿ."

ನಗಬೇಕೋ ಬೈಯಬೇಕೋ ಸಿಗ್ನೆಗೆ ತಿಳಿಯಲಿಲ್ಲ. "ಹಾಗಾದ್ರೆ ಐನಾರ್‌ನ ಯಾಕೆ ಓಡಿಸ್ದೆ?"

ಆ ಕಡೆ ಡ್ರಾಯರ್ ಎಳೆದು ಪೆನ್ನು ಹುಡುಕುವ ಸದ್ದು ಕೇಳಿಸಿತು.

"ಅವನ ನಂಬರು," ಎಂದ ಹಾಲ್ವೋರ್, "ನಿನ್ನ ಹತ್ರ ಇದೆಯೇನೇ?"